ನೆನೆಯದ ಜೊಲ್ಲುಬಟ್ಟೆ

ಯಮುನಾಬಾಯಿ ಮೊಮ್ಮಗಳಿಗೆ ಜೊಲ್ಲುಬಟ್ಟೆಗಳನ್ನು ಹೊಲಿದದ್ದು ತೀರಿಹೋದ ಗಂಡನ ಧೋತರದಿಂದ. ಅಂಗಡಿಯ ಹೊಸ ಬಟ್ಟೆ ಕೂಸಿನ ಗದ್ದಕ್ಕೆ ಒರಟು. ಒಗೆದು ಒಗೆದು ಬೆಣ್ಣೆಯ ಹಾಗಾದ ಧೋತರಕ್ಕೆ ಆ ಒರಟುತನವಿಲ್ಲ. ಕೆಂಪು ಅಂಚು ಕೆಳಗೆ ಬರುವಂತೆ ಕತ್ತರಿಸಿ, ಎರಡು ಪದರು ಮಾಡಿ, ಕೈಹೊಲಿಗೆ ಹಾಕಿ, ಕೊರಳಿಗೆ ಕಟ್ಟಲು ಅದೇ ಬಟ್ಟೆಯ ಲಾಡಿ ಇಟ್ಟಿದ್ದಳು. ಹೊಲಿಗೆ ಎಷ್ಟು ಸಣ್ಣದೆಂದರೆ ಬೆರಳಾಡಿಸಿದರೂ ತಾಗುತ್ತಿರಲಿಲ್ಲ.

ಲಿಂಗಂಪಲ್ಲಿಯ ಆ ಅಪಾರ್ಟ್‌ಮೆಂಟಿನಲ್ಲಿ ಕೂಸಿರುವ ಮನೆ ಯಾವುದೆಂದು ಬಾಲ್ಕನಿ ನೋಡಿದರೆ ತಿಳಿಯುತ್ತದೆ. ಪಕ್ಕದ ಮನೆಯ ಶರಣಬಸಮ್ಮನ ಹಗ್ಗದ ಮೇಲೆ ಮೊಮ್ಮಗನ ಜೊಲ್ಲುಬಟ್ಟೆಗಳು ಹೊತ್ತು ಹೊತ್ತಿಗೂ ಬದಲಾಗುತ್ತ ತೂಗುತ್ತಿದ್ದವು. ಯಮುನಾಬಾಯಿಯ ಹಗ್ಗದ ಮೇಲೂ ತೂಗುತ್ತಿದ್ದವು. ಆದರೆ ಅವು ಧೂಳಿಗೆಂದು ಒಗೆದವು. ಬೆಳಿಗ್ಗೆ ಕೂಸಿನ ಕೊರಳಿಗೆ ಕಟ್ಟಿದ ಬಟ್ಟೆಯನ್ನು ಸಂಜೆ ಬಿಚ್ಚುವಾಗ, ಕಟ್ಟುವಾಗ ಹೇಗಿತ್ತೋ ಹಾಗೆಯೇ ಇರುತ್ತಿತ್ತು.

ಶರಣಬಸಮ್ಮನಿಗೆ ಇದು ದೊಡ್ಡ ಸೋಜಿಗ.

“ನಿಮ್ಮ ಕೂಸು ಭಾಳ ಸ್ವಚ್ಛ ಐತಿ ಬಿಡ್ರಿ ಯಮುನಾಬಾಯಾರ. ನಮ್ಮಾವ ನೋಡ್ರಿ, ಜಳಕ ಮಾಡಿಸಿ ಹೊರಗ ತರೋದರಾಗ ಅಂಗಿ ಎಲ್ಲಾ ತೊಪ್ಪೆ. ಇದಕ್ಕ ಎಂಟು ತಿಂಗಳಾದ್ರೂ ಒಂದು ಹನಿ ಜೊಲ್ಲಿಲ್ಲ. ರಾಣಿ ಹುಟ್ಯಾಳ, ರಾಣಿ!”

ಸೊಸೆ ಪ್ರಾಜಕ್ತಾಳ ಮುಖ ಅರಳುತ್ತಿತ್ತು. “ನಮ್ಮ ತುಂಗಾಗ ನನ್ನ ಶಿಸ್ತು ಬಂದದ್ರಿ” ಎಂದು ನಗುತ್ತಿದ್ದಳು. ಜೊಲ್ಲು ಸುರಿಸದ ಕೂಸು ಅಚ್ಚುಕಟ್ಟಿನ ಕೂಸು ಎಂದು ಬಂದವರೆಲ್ಲ ಹೊಗಳಿ ದೃಷ್ಟಿ ತೆಗೆದು ಹೋಗುತ್ತಿದ್ದರು. ಯಮುನಾಬಾಯಿ ಮಾತ್ರ ನಗುತ್ತಿರಲಿಲ್ಲ. ಯಾರೂ ಇಲ್ಲದಾಗ ಕೈ ತೊಳೆದು ಒರೆಸಿ, ಕಿರುಬೆರಳನ್ನು ಕೂಸಿನ ಕೆಳದುಟಿಯ ಒಳಗೆ ಮೆಲ್ಲಗೆ ಆಡಿಸಿ ನೋಡುತ್ತಿದ್ದಳು. ಬೆರಳು ಒಣಗಿದ್ದೇ ಬರುತ್ತಿತ್ತು. ಮತ್ತೊಮ್ಮೆ ಆಡಿಸಿ ನೋಡುತ್ತಿದ್ದಳು.

ಯಾಕೆಂದರೆ ಈ ಹೊಗಳಿಕೆಯನ್ನು ಅವಳು ಮೊದಲೊಮ್ಮೆ ಕೇಳಿದ್ದಳು. ಸೇಡಮ್ಮಿನ ತವರುಮನೆಯಲ್ಲಿ ಅವಳ ತಾಯಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು: “ನಮ್ಮ ಯಮುನಾ ಕೂಸಿದ್ದಾಗ ಒಂದು ದಿನಾನೂ ಕುಪ್ಪಸ ಹಸಿ ಮಾಡ್ಕೊಂಡಾಕಿ ಅಲ್ಲ.” ಅದೇ ಯಮುನಾ ಆಮೇಲೆ ರೊಟ್ಟಿಯ ಪ್ರತಿ ತುತ್ತಿಗೂ ಒಂದು ಗುಟುಕು ನೀರು ಕುಡಿಯದೆ ನುಂಗಲಾರದವಳಾದಳು. ಅವಲಕ್ಕಿ, ಚೂಡಾ, ಹುರಿಗಡಲೆ ಬಾಯಿಗಿಟ್ಟರೆ ಮರಳು ತಿಂದಂತೆ. ಮದುವೆಯಾಗುವ ಹೊತ್ತಿಗೆ ಹಿಂದಿನ ಹಲ್ಲುಗಳು ಕರ್ರಗಾಗಿದ್ದವು. ಬಿಸಿಲಲ್ಲಿ ನಡೆದು ಬಂದರೆ ಕಣ್ಣಿನಲ್ಲಿ ಉಸುಕು ಹೊಕ್ಕಂತೆ ಉರಿ. ಅತ್ತರೆ ಆ ಉರಿ ಹೆಚ್ಚಾಗುತ್ತಿತ್ತೇ ವಿನಾ ಕಣ್ಣು ನೆನೆಯುತ್ತಿರಲಿಲ್ಲ. ಇದು ರೋಗವೆಂದು ಯಾರಿಗೂ ಅನ್ನಿಸಲಿಲ್ಲ. ಕೆಲವರು ಕುಳ್ಳಗಿರುತ್ತಾರೆ, ಕೆಲವರಿಗೆ ದನಿ ದಪ್ಪ. ಹಾಗೆ ಇವಳಿಗೆ ಮೈಯಲ್ಲಿ ನೀರು ಕಡಿಮೆ ಅಂದುಕೊಂಡರು.

ಗಂಡನ ಮನೆ ಸುಲ್ತಾನ್ ಬಜಾರಿನ ಹಿಂದಿನ ಓಣಿಯಲ್ಲಿತ್ತು. ಗಂಡ ನರಸಿಂಹರಾಯರು ಸಿಕಂದರಾಬಾದಿನ ರೈಲ್ವೆ ಕಚೇರಿಯಲ್ಲಿ ಗುಮಾಸ್ತರು. ಆ ಮನೆಯಲ್ಲಿ ಏಕಾದಶಿಯೆಂದರೆ ನೀರೂ ಇಲ್ಲದ ಉಪವಾಸ. ಅತ್ತೆ ಕಟ್ಟುನಿಟ್ಟಿನ ಹೆಂಗಸು. ಮೊದಲನೆಯ ಏಕಾದಶಿಯ ಮಧ್ಯಾಹ್ನ ಹೊಸ ಸೊಸೆಯ ನಾಲಿಗೆ ಅಂಗುಳಕ್ಕೆ ಅಂಟಿ, ಕರೆದರೆ ಓಗೊಡಲು ದನಿಯೇ ಹೊರಡದೆ ಹೋಯಿತು. ಅತ್ತೆ ಅದನ್ನು ಮೊಂಡುತನವೆಂದು ತಿಳಿದಳು. ನರಸಿಂಹರಾಯರು ಏನೂ ಕೇಳಲಿಲ್ಲ. ಮುಂದಿನ ಏಕಾದಶಿಯಿಂದ ಬಚ್ಚಲಮನೆಯಲ್ಲಿ ಹಂಡೆಯ ಹಿಂದೆ ಒಂದು ತಾಮ್ರದ ತಂಬಿಗೆ ತುಂಬಿದ ನೀರು ಇರತೊಡಗಿತು. ಅದನ್ನು ಯಾರು ಇಟ್ಟರೆಂದು ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಉಳಿದ ದಿನಗಳಲ್ಲಿ ಊಟಕ್ಕೆ ಮೊದಲು ಅದೇ ತಂಬಿಗೆಯನ್ನು ತಾವೇ ತುಂಬಿ ಅವಳ ತಾಟಿನ ಎಡಗಡೆ ಇಡುತ್ತಿದ್ದರು. ಅತ್ತೆ ಇದ್ದಾಗ ಕದ್ದು, ಅತ್ತೆ ಹೋದ ಮೇಲೆ ಎಲ್ಲರ ಎದುರಿಗೆ. ಮುಪ್ಪಿನಲ್ಲಿ ಕೈ ನಡುಗಿ ನೀರು ಚೆಲ್ಲುವಂತಾದಾಗಲೂ ಆ ಕೆಲಸವನ್ನು ಬಿಡಲಿಲ್ಲ.

ಅವರ ತಂಗಿ ನಲಿನಿ ಆಗ ಲಂಗ ಹಾಕುವ ಹುಡುಗಿ. ಹಂಡೆಯ ಹಿಂದಿನ ತಂಬಿಗೆ ಅವಳಿಗೆ ಕಂಡಿತ್ತೋ ಇಲ್ಲವೋ, ಯಮುನಾಬಾಯಿಗೆ ಗೊತ್ತಿರಲಿಲ್ಲ. ಕಂಡಿದ್ದರೂ ತಾಯಿಯ ಮುಂದೆ ಆಡಿರಲಿಲ್ಲ. ಜಡೆ ಹಾಕಿಸಿಕೊಳ್ಳಲು, ಲೆಕ್ಕ ತಪ್ಪಿ ಬೈಸಿಕೊಂಡರೆ ಸೆರಗಿನ ಹಿಂದೆ ಅಡಗಲು ನಲಿನಿಗೆ ವೈನಿಯೇ ಬೇಕಾಗಿತ್ತು. ಅಣ್ಣನ ಹೆಂಡತಿಯನ್ನು ಅವಳು ಅಷ್ಟು ಹಚ್ಚಿಕೊಂಡಿದ್ದಳು.

ಮಗ ಅಮೋಲ್ ಹುಟ್ಟಿದ. ಅವನಿಗೂ ಜೊಲ್ಲು ಬೀಳಲಿಲ್ಲ. ಬಿದ್ದು ಮೊಣಕಾಲು ಕೆತ್ತಿಕೊಂಡು ಕಿರುಚಿದರೂ ಕಣ್ಣಲ್ಲಿ ನೀರಿರಲಿಲ್ಲ. ಅದನ್ನು ನೋಡಿ ಮನೆ ಮಂದಿಯೆಲ್ಲ ಬೀಗುತ್ತಿದ್ದರು. “ಗಂಡಸು ಅಂದ್ರ ಹೀಂಗಿರಬೇಕು ನೋಡು! ಒಂದು ಹನಿ ಹಾಕಂಗಿಲ್ಲ ನಮ್ಮ ಹುಲಿ” ಎಂದು ಎತ್ತಿ ಮುದ್ದಾಡಿದವಳು ಇದೇ ನಲಿನಿ. ಅಮೋಲ್ ದೊಡ್ಡವನಾಗಿ, ಮೂವತ್ತು ದಾಟುವುದರೊಳಗೆ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡ. ಎಲ್ಲಿ ಹೋದರೂ ಕೈಯಲ್ಲಿ ನೀರಿನ ಬಾಟಲಿ. ಹೈದರಾಬಾದಿನ ಬಿಸಿಲು ಅಂಥದು ಎಂದು ಎಲ್ಲರೂ ಅಂದುಕೊಂಡರು.

ನರಸಿಂಹರಾಯರು ಹೋದದ್ದು ಒಂದು ಮುಂಜಾನೆ, ಸಂಧ್ಯಾವಂದನೆಗೆಂದು ಮಣೆಯ ಮೇಲೆ ಕುಳಿತಲ್ಲೇ. ಸುದ್ದಿ ಕೇಳಿ ನಲಿನಿ ಓಡಿ ಬಂದು ಅಣ್ಣನ ಎದೆಯ ಮೇಲೆ ಬಿದ್ದು ಗೋಳಾಡಿದಳು. ಹೆಂಗಸರೆಲ್ಲ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಯಮುನಾಬಾಯಿ ಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣು ಕೆಂಡ. ಗಂಟಲು ಮುಚ್ಚಿಹೋಗಿತ್ತು. ಗಂಡನ ಹೆಸರು ಹಿಡಿದು ಒಮ್ಮೆ ಕೂಗಬೇಕೆಂದು ಬಾಯಿ ತೆರೆದಳು. ಒಣಗಿದ ನಾಲಿಗೆ ಹೊರಳಲಿಲ್ಲ, ದನಿ ಬರಲಿಲ್ಲ. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದಳು.

ನಲಿನಿ ಅವಳ ಭುಜ ಹಿಡಿದು ಅಲುಗಿಸಿದಳು. “ಅಳು ವೈನಿ. ಎದಿಯೊಳಗ ಇಟ್ಕೋಬ್ಯಾಡ. ಒಂದು ಹನಿಯರೆ ಹಾಕು, ಅವಾ ನಿನ್ನ ಗಂಡ.”

ಯಮುನಾಬಾಯಿ ಅವಳ ಮುಖವನ್ನೇ ನೋಡುತ್ತ ಕುಳಿತಳು. ಗಂಡನನ್ನು ಒಯ್ದ ಮೇಲೆ ಯಾರೋ ಅವಳ ಮುಂದೆ ತಾಟಿಟ್ಟು ಎರಡು ತುತ್ತು ಅನ್ನ ತಿನ್ನೆಂದರು. ಎಡಗಡೆ ಕೈ ಹಾಕಿದಳು. ತಂಬಿಗೆ ಇರಲಿಲ್ಲ. ಆಗ ಅವಳಿಗೆ ಗಂಡ ಹೋದದ್ದು ನಿಜವಾಗಿ ಗೊತ್ತಾಯಿತು. ಬಾಯಿಗಿಟ್ಟ ಅನ್ನ ಇಳಿಯದೆ, ಉಗುಳಲೂ ಆಗದೆ, “ನೀರು” ಎಂದಳು. ಕೊಟ್ಟರು. “ಇನ್ನಷ್ಟು ನೀರು” ಎಂದಳು.

ನಲಿನಿ ಎದ್ದು ನಿಂತಳು. “ನೋಡ್ರವ್ವಾ ನೋಡ್ರಿ! ಗಂಡ ಹೋಗಿ ಹೊತ್ತು ಮುಳುಗಿಲ್ಲ, ನೀರು ನೀರು ಅಂತ ಗಟಗಟ ಇಳಸ್ಲಿಕ್ಕೆ ಹತ್ಯಾಳ. ಕಣ್ಣಾಗ ಮಾತ್ರ ಒಂದು ಹನಿ ಇಲ್ಲ. ಕಲ್ಲಿನ ಮಾರಿ! ನಮ್ಮಣ್ಣ ಜೀವಮಾನ ಎಲ್ಲಾ ಒಂದು ಕಲ್ಲಿನ ಕೂಡ ಬಾಳುವೆ ಮಾಡಿದಾ!”

ಹದಿನಾಲ್ಕು ದಿನ ಮುಗಿಸಿ ಹೋದ ನಲಿನಿ ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಫೋನು ಮಾಡಿದರೆ ಮಗನ ಕೈಗೆ ಕೊಡುತ್ತಿದ್ದಳು. ಅಮೋಲ್ ಲಿಂಗಂಪಲ್ಲಿಯಲ್ಲಿ ಫ್ಲ್ಯಾಟು ಕೊಂಡು ತಾಯಿಯನ್ನು ಕರೆತಂದಾಗ ಗೃಹಪ್ರವೇಶಕ್ಕೂ ಬರಲಿಲ್ಲ. ಯಮುನಾಬಾಯಿ ಸಿಟ್ಟಾಗಲಿಲ್ಲ. ಅವಳಿಗೇ ಅನುಮಾನ ಬಂದಿತ್ತು. ಬೇರೆಯವರಿಗೆ ಉಕ್ಕಿ ಬರುವುದು ನನಗೆ ಬರುವುದಿಲ್ಲವೆಂದರೆ, ನನ್ನೊಳಗೆ ಅದು ಇಲ್ಲವೇ ಏನೋ. ಪಕ್ಕದಲ್ಲಿ ಮಲಗಿದ ಮನುಷ್ಯ ಹೋದದ್ದಕ್ಕೆ ನನಗೆ ಆಗುತ್ತಿರುವುದು ದುಃಖವೋ ಅಥವಾ ಬರೀ ಗಂಟಲುರಿಯೋ. ಇದನ್ನು ಯಾರ ಹತ್ತಿರ ಕೇಳುವುದು? ಹೊಟ್ಟೆಯೊಳಗೆ ಇಟ್ಟುಕೊಂಡು ವರ್ಷಗಳನ್ನು ಕಳೆದಳು.

ಈಗ ತುಂಗಾ. ಲಸಿಕೆ ಹಾಕಿಸಿದ ದಿನ ಕೂಸು ಮೈ ನೀಲಿಯಾಗುವಂತೆ ಅತ್ತಿತು. ಪ್ರಾಜಕ್ತಾ ಕೆನ್ನೆ ಒರೆಸಲು ಹೋದಳು. ಒರೆಸಲು ಏನೂ ಇರಲಿಲ್ಲ. ಕೂಸಿನ ಕಣ್ಣಂಚು ಕೆಂಪಗಾಗಿ, ರೆಪ್ಪೆ ಅಂಟಂಟಾಗಿತ್ತು.

“ಅಮೋಲ್, ಕೂಸಿನ್ನ ದೊಡ್ಡ ಡಾಕ್ಟರಿಗೆ ತೋರಸು” ಎಂದಳು ಯಮುನಾಬಾಯಿ.

“ಯಾಕವ್ವಾ? ಎಲ್ಲಾ ಸರಿ ಅದ ಅಂದಾರಲ್ಲ.”

“ಹಲ್ಲು ಬರೋಕಿಂತ ಮೊದ್ಲ ತೋರಸು. ನಂಗಾದದ್ದು ಆಕಿಗೆ ಆಗೋದು ಬ್ಯಾಡ. ನಿಂಗೂ ಆಗ್ಯದ. ನಿಮ್ಮಪ್ಪಗ ಗೊತ್ತಿತ್ತು, ನಾವ್ಯಾರೂ ಬಾಯಿ ಬಿಟ್ಟು ಆಡ್ಲಿಲ್ಲ.”

ಪ್ರಾಜಕ್ತಾ ಅತ್ತೆಯನ್ನೂ ಗಂಡನನ್ನೂ ಹೊಸಬರನ್ನು ನೋಡುವ ಹಾಗೆ ನೋಡಿದಳು. ಅವನ ಬಾಟಲಿ, ಅವನ ಕಟ್ಟಿಸಿದ ಹಲ್ಲು, ಅತ್ತೆಯ ತಾಟಿನ ಎಡಗಡೆಯ ತಂಬಿಗೆ ಎಲ್ಲ ಒಮ್ಮೆಲೇ ಅವಳ ಕಣ್ಣಿಗೆ ಬಿದ್ದವು.

ಡಾಕ್ಟರು ಸುಹಾಸಿನಿ ರಾಯಚೂರು ಕಡೆಯವಳು. ತಾಯಿಯ ಹೊಟ್ಟೆಯಿಂದಲೇ ಬರುವ ದೋಷಗಳನ್ನು ನೋಡುವವಳು. ಕೂಸಿನದು, ಅಮೋಲನದು, ಯಮುನಾಬಾಯಿಯದು ರಕ್ತ ತೆಗೆಸಿದಳು. ದವಡೆಯ ಕೆಳಗೆ ಯಂತ್ರ ಆಡಿಸಿ ಚಿತ್ರ ತೆಗೆಸಿದಳು. ವಾರಗಳು ಕಳೆದ ಮೇಲೆ ಎಲ್ಲರನ್ನೂ ಕರೆಸಿ ಕೂರಿಸಿಕೊಂಡು, ಮೇಜಿನ ಮೇಲಿನ ರಬ್ಬರಿನ ಕೈಗವಸು ಒಂದನ್ನು ಎತ್ತಿಕೊಂಡಳು.

“ಬಾಯಾಗ ಉಗುಳು ಹುಟ್ಟಸೋ ಗ್ರಂಥಿಗಳು ಇರ್ತಾವ್ರಿ. ಕಿವಿ ಮುಂದ, ದವಡಿ ಕೆಳಗ, ನಾಲಿಗಿ ಬುಡಕ. ಅವು ಮೊದ್ಲಿಂದ ಇರಂಗಿಲ್ಲ, ಬಸುರಿನ್ಯಾಗ ಬೆಳೀಬೇಕು. ಕೂಸು ಹುಣಸಿಬೀಜದಷ್ಟು ಇರುವಾಗಿನ ಮಾತು ಹೇಳಾಕತ್ತೀನಿ.” ಕೈಗವಸನ್ನು ಎಡ ಮುಷ್ಟಿಯ ಬಾಯಿಗೆ ಬಿಗಿಯಾಗಿ ಎಳೆದು ಹಿಡಿದಳು. “ಇದು ಕೂಸಿನ ಬಾಯಿ ಒಳಗಿನ ತೊಗಲು ಅಂತ ತಿಳೀರಿ. ಒಂದು ಕಡೆ ಹಿಂಗ ತಗ್ಗಾಗತೈತಿ.” ಬಲಗೈ ಬೆರಳಿನಿಂದ ಒತ್ತಿದಳು, ರಬ್ಬರು ಮುಷ್ಟಿಯೊಳಗೆ ಚಿಕ್ಕ ಮೊಗ್ಗಿನಂತೆ ಇಳಿಯಿತು. “ಈಗ ಸುತ್ತಲಿನ ಎಳೀ ಮಾಂಸ ಒಂದು ರಸ ಬಿಡತೈತಿ. ಬೆಳಿಯಾಕ ಹೇಳೋ ರಸ. ಅದು ಕರೆ ಇದ್ದಂಗ: ಬಾ, ಈ ಕಡೆ ಬೆಳಿ, ಇಲ್ಲಿ ಜಾಗಾ ಐತಿ ಅಂತ. ಮೊಗ್ಗಿನ ಮೈತುಂಬ ಆ ಕರೆ ಕೇಳೋ ಕಿವಿ ಇರ್ತಾವ. ಕೇಳಿದಂಗೆಲ್ಲಾ ಮೊಗ್ಗು ಉದ್ದ ಆಗತೈತಿ. ತುದಿ ಸೀಳಿ ಎರಡಾಗತೈತಿ, ಅವು ಮತ್ತ ಸೀಳತಾವ. ಟೊಂಗಿಗೆ ಟೊಂಗಿ ಒಡದು ಕಡೀಕ ದ್ರಾಕ್ಷಿ ಗೊನಿ ಆಗತೈತಿ. ಆ ಒಂದೊಂದು ಹಣ್ಣಿನ್ಯಾಗೂ ಉಗುಳು.”

“ಕರೆ ಬರದಿದ್ರ?” ಯಮುನಾಬಾಯಿ ಕೇಳಿದಳು.

“ಮೊಗ್ಗು ಅಲ್ಲೇ ಕುಂದರತೈತಿ, ಅವ್ವಾರ. ಟೊಂಗಿ ಒಡ್ಯಂಗಿಲ್ಲ.”

“ನಮಗ ಬಂದಿಲ್ಲೇನು?”

“ಅರ್ಧಾ ಬಂದೈತಿ. ಆ ರಸಾ ಮಾಡೋ ಜೀನು ಅವ್ವನ ಕಡಿಂದ ಒಂದು, ಅಪ್ಪನ ಕಡಿಂದ ಒಂದು ಬರ್ತಾವ. ನಿಮ್ಮದರಾಗ ಒಂದು ಕೆಟ್ಟೈತಿ. ಹಂಗಾಗಿ ದನಿ ಸಣ್ಣಾತು. ಸಣ್ಣ ದನಿಗೆ ಎಷ್ಟು ಬೆಳಿಬೇಕೋ ಅಷ್ಟ ಬೆಳದಾವ. ಚಿತ್ರದಾಗ ನೋಡಿದ್ರ ದವಡಿ ಕೆಳಗ ಏನೂ ಕಾಣವಲ್ದು. ನಿಮ್ಮ ಮಗಗೂ ಅಷ್ಟ, ಈ ಕೂಸಿಗೂ ಅಷ್ಟ.” ಕೈಗವಸನ್ನು ಮೇಜಿನ ಮೇಲಿಟ್ಟು, “ಕಣ್ಣೀರಿನ ಗ್ರಂಥಿಗೂ ಇದ ಕರೆ ಬೇಕು. ಅದಕ್ಕ ಕಣ್ಣೂ ಒಣಾ” ಎಂದಳು.

ಯಮುನಾಬಾಯಿ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. “ಮನಸಿನ್ಯಾಗ ದುಃಖ ಇದ್ರೂ?”

“ದುಃಖಕ್ಕ ಗ್ರಂಥಿ ಬೇಕಾಗಂಗಿಲ್ರಿ. ನೀರಿಗೆ ಬೇಕು.”

ಪ್ರಾಜಕ್ತಾ ಕೂಸನ್ನು ಎದೆಗೆ ಒತ್ತಿಕೊಂಡು, “ಈಗ ಬೆಳಸ್ಲಿಕ್ಕೆ ಬರೂದಿಲ್ಲೇನ್ರಿ? ಆ ರಸಾ ಈಗ ಕೊಟ್ರ?” ಎಂದು ಕೇಳಿದಳು.

“ಆ ಹೊತ್ತು ಹೋತು ತಂಗಿ. ಅದು ಬಸುರಿನ್ಯಾಗಿನ ಹೊತ್ತು. ಈಗ ನಾವು ಕಾಯಬೇಕು, ಅಷ್ಟ. ಗುಟುಕು ಗುಟುಕು ನೀರು, ಕಣ್ಣಿಗೆ ಹನಿ, ಹಲ್ಲಿಗೆ ಮೊದಲನೇ ಹಲ್ಲಿನಿಂದ ಔಷಧ. ಕಾಯ್ದರ ಹಲ್ಲು ಉಳೀತಾವ.”

ಹಿಂದಿರುಗುವಾಗ ಆಟೋದಲ್ಲಿ ಪ್ರಾಜಕ್ತಾ ಮುಖ ಗಂಟು ಹಾಕಿಕೊಂಡು ಕುಳಿತಿದ್ದಳು. ಕೊನೆಗೆ, “ಮದಲ ಹೇಳಿದ್ರ ಆಗ್ತಿದ್ದಿಲ್ಲೇನ್ರಿ ಅತ್ತಿಯವರ? ಮಂದಿ ಹೊಗಳ್ತಾರಂತ ನಾ ಹುಚ್ಚಿ ಹಂಗ ಕುಣದೆ” ಎಂದಳು. ಅವಳ ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ಯಮುನಾಬಾಯಿ ಸೆರಗಿನಿಂದ ಸೊಸೆಯ ಕೆನ್ನೆ ಒರೆಸಿದಳು.

ಆ ದಿನವೆಲ್ಲ ಅವಳಿಗೆ ತಾಯಿಯ ನೆನಪು. ಸೇಡಮ್ಮಿನ ಮನೆಯಲ್ಲಿ ಬಸುರಿ ಹೆಂಗಸು ಬೀಸುವ ಕಲ್ಲಿನ ಮುಂದೆ ಕುಳಿತಿದ್ದಾಗ, ಒಳಗೆ ಹುಣಸಿಬೀಜದಷ್ಟು ತಾನು. ಅಲ್ಲಿ ಯಾರೋ ಯಾರನ್ನೋ ಮೆಲ್ಲಗೆ ಕರೆದಿದ್ದಾರೆ, ಆ ದನಿ ಮುಟ್ಟಿಲ್ಲ. ಬೀಸುವವಳಿಗೂ ಗೊತ್ತಿಲ್ಲ, ಒಳಗಿದ್ದವಳಿಗೂ ಗೊತ್ತಿಲ್ಲ. ಇಷ್ಟು ಸಣ್ಣದು ಮುಂದೆ ಇಷ್ಟು ದೊಡ್ಡದಾಗಿ, ಹೆಣದ ಮುಂದೆ ಕುಳಿತ ಹೆಂಗಸಿಗೆ ಕಲ್ಲು ಎಂಬ ಹೆಸರು ತಂದಿತು. ಅವಳಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಒಂದೇ ಒಂದು ಆಸೆ ಎದ್ದು ನಿಂತಿತು. ನಲಿನಿಗೆ ಇದು ಗೊತ್ತಾಗಬೇಕು. ಅಣ್ಣ ಹೋದ ದಿನ ವೈನಿ ಅತ್ತಿದ್ದಳು, ನೀರು ಮಾತ್ರ ಬರಲಿಲ್ಲ ಎಂದು ಅವಳ ಕಿವಿಗೆ ಬೀಳಬೇಕು. ಅವಳು “ಹೌದೇನು ವೈನಿ?” ಅಂದರೆ ಸಾಕು. ಅಷ್ಟು ಕೇಳಿಕೊಂಡು ಕಣ್ಣು ಮುಚ್ಚಿದರೂ ಆದೀತು.

ನಲಿನಿಗೆ ಲಕ್ವಾ ಹೊಡೆದಿದೆಯೆಂದು ಬೇಸಿಗೆಯಲ್ಲೇ ಸುದ್ದಿ ಬಂದಿತ್ತು. ಊಟ ಮಾಡುತ್ತಾಳೆ, ಮಾತಾಡುತ್ತಾಳೆ, ಎಡಗೈ ಮಾತ್ರ ಏಳುವುದಿಲ್ಲ ಎಂದಿದ್ದರು.

“ಫೋನ್ ಹಚ್ಚಿ ಕೊಡ್ಲೇನು? ಅತ್ಯಾಗ ಹೇಳಿಬಿಡು” ಎಂದ ಅಮೋಲ್.

“ಫೋನಿನ್ಯಾಗ ಹೇಳೋ ಮಾತಲ್ಲಪ್ಪಾ. ಆಕಿ ಮಾರಿ ನೋಡಿ ಹೇಳಬೇಕು.”

ಮುಂಜಾನೆಯ ಲೋಕಲ್ ಟ್ರೇನಿಗೆ ಒಬ್ಬಳೇ ಹೊರಟಳು. ಗಂಡನ ರೈಲ್ವೆ ಪಾಸಿನ ದಿನಗಳಿಂದ ಆ ಹಳಿಯ ಮೇಲಿನ ಸ್ಟೇಷನ್ನುಗಳೆಲ್ಲ ಅವಳಿಗೆ ಬಾಯಿಪಾಠ. ಚೀಲದಲ್ಲಿ ನೀರಿನ ಬಾಟಲಿ, ಕಣ್ಣಿನ ಹನಿ, ಮತ್ತು ತುಂಗಾಳ ಒಂದು ಜೊಲ್ಲುಬಟ್ಟೆ. ಇದನ್ನು ಕೈಯಲ್ಲಿಟ್ಟು, ನೋಡು ನಲಿನಿ, ತಿಂಗಳುಗಟ್ಟಲೆ ಕೂಸು ಕಟ್ಟಿಕೊಂಡ ಬಟ್ಟೆ, ಒಣಗಿದ್ದು ಒಣಗಿದ ಹಾಗೇ ಇದೆ ಎಂದು ತೋರಿಸಿದರೆ ಅವಳಿಗೆ ಬೇಗ ತಿಳಿಯುತ್ತದೆ ಅಂದುಕೊಂಡಿದ್ದಳು. ಸಿಕಂದರಾಬಾದಿನಲ್ಲಿ ಗಾಡಿ ನಿಂತಾಗ ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಬಿಳಿ ಧೋತರ ಉಟ್ಟ ಯಾರೋ ಬೆನ್ನು ತಿರುಗಿಸಿ ನಡೆದು ಹೋದರು. ಗಾಡಿ ಬಿಡುವವರೆಗೆ ಆ ಕಡೆಯೇ ನೋಡಿದಳು. ಕಾಚಿಗುಡದಲ್ಲಿ ಇಳಿದು ನಲಿನಿಯ ಗಂಡನ ಮನೆಗೆ ಆಟೋ ಹಿಡಿದಳು. ಸುಲ್ತಾನ್ ಬಜಾರಿನ ಅಂಗಡಿಗಳ ಮುಂದೆ ಸೀರೆಗಳು ಆಗಲೇ ತೂಗುಬಿದ್ದಿದ್ದವು.

ಬಾಗಿಲು ತೆರೆದವಳು ನಲಿನಿಯ ಸೊಸೆ ಪ್ರಿಯಂವದಾ. ಬಂದವರನ್ನು ನೋಡಿ ಬಾಗಿಲನ್ನು ಪೂರಾ ತೆರೆದು, ಕಾಲಿಗೆ ನೀರು ಕೊಟ್ಟು, ನಮಸ್ಕಾರ ಮಾಡಿ, ಪಡಸಾಲೆಯಲ್ಲೇ ಕೂರಿಸಿದಳು.

“ಒಳಗ ಹೋಗೋಕಿಂತ ಮೊದ್ಲ ಒಂದು ಮಾತು ಹೇಳ್ತೀನ್ರಿ ಮಾಮಿ. ಅತ್ತಿಯವರಿಗೆ ಈಗ ಹಿಂದಿಂದು ಮುಂದಿಂದು ಎಲ್ಲಾ ಕಲಸಿಹೋಗ್ಯದ. ಅವರಣ್ಣ ತೀರಿಹೋಗಿದ್ದು ನೆನಪಿಲ್ಲ. ಅಣ್ಣ ಎಲ್ಲಿ, ಅಣ್ಣ ಎಲ್ಲಿ ಅಂತ ಕೇಳ್ತಿರ್ತಾರ. ಮೊದ್ಲ ಮೊದ್ಲ ನಾವು ಖರೇನ ಹೇಳಿದ್ವಿ. ಆಗ ಹೊಸದಾಗಿ ಕೇಳಿದೋರ ಹಂಗ ಗೋಡಿಗೆ ತಲಿ ಚಚ್ಚಿಕೊಂಡು ಅತ್ರು. ಮರುದಿನ ಮತ್ತ ಅದ ಕೇಳಿದ್ರು. ಮತ್ತ ಹೇಳಿದ್ರ ಮತ್ತ ಅಷ್ಟ. ಈಗ ಆಫೀಸಿಗೆ ಹೋಗ್ಯಾರ ಅಂತೀವಿ. ನೀವೂ ಹಂಗ ಅನ್ರಿ.”

ಯಮುನಾಬಾಯಿ ಕೇಳಿಕೊಂಡಳು. ಬಾಟಲಿ ತೆಗೆದು ಒಂದು ಗುಟುಕು ಕುಡಿದಳು. ಎದ್ದು ಒಳಗೆ ಹೋದಳು.

ನಲಿನಿ ಕಿಟಕಿಯ ಕೆಳಗಿನ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ದಪ್ಪ ಜಡೆಯ ಜಾಗದಲ್ಲಿ ಹುಲ್ಲಿನಷ್ಟು ಕೂದಲು. ಮುಖದ ಎಡಭಾಗ ಕೆಳಗೆ ಜಾರಿತ್ತು. ಆ ಬದಿಯ ತುಟಿಯ ಕೊನೆಯಿಂದ ಜೊಲ್ಲು ಎಳೆಯಾಗಿ ಇಳಿದು ಕುಪ್ಪಸದ ತೋಳು ನೆನೆದಿತ್ತು.

“ವೈನಿ ಬಂದಿಯೇನ?” ಎಂದಳು ನಲಿನಿ. ಮಾತು ತೊದಲು, ಆದರೆ ದನಿಯಲ್ಲಿ ಹಳೆಯ ಸಲಿಗೆ. “ಎಷ್ಟೊತ್ತಾತು ಕಾಯ್ಲಿಕ್ಕೆ ಹತ್ತಿ. ಜಡಿ ಹಾಕು ಬಾ.”

ಬಂದಾಗಿನಿಂದ ಯಮುನಾಬಾಯಿಯ ಬಾಯಲ್ಲಿ ಸಾಲಾಗಿ ನಿಂತಿದ್ದ ಮಾತುಗಳಿದ್ದವು. ನಿಮ್ಮಣ್ಣ ಹೋದ ದಿನ, ಎಂದು ಶುರುವಾಗಬೇಕಿತ್ತು ಅವು. ಆ ಮಾತು ಶುರುವಾದರೆ ಅಣ್ಣ ಹೋಗಬೇಕು. ಈ ಮಂಚದ ಮೇಲೆ, ಈ ಹೊತ್ತಿನಲ್ಲಿ, ಹೊಸದಾಗಿ. ನಲಿನಿಗೆ ಅಳು ಉಕ್ಕಿ ಬರುತ್ತದೆ. ಅವಳಿಗೆ ಎಲ್ಲವೂ ಬರುತ್ತದೆ. ನಾಳೆಗೆ ಅವಳು ಅದನ್ನೂ ಮರೆಯುತ್ತಾಳೆ, ವೈನಿ ಹೇಳಿದ್ದನ್ನೂ ಮರೆಯುತ್ತಾಳೆ.

ಯಮುನಾಬಾಯಿ ಮಂಚದ ಅಂಚಿಗೆ ಕುಳಿತು ಚೀಲದಿಂದ ಜೊಲ್ಲುಬಟ್ಟೆ ತೆಗೆದು ನಲಿನಿಯ ಗದ್ದ ಒರೆಸಿದಳು. ಬಟ್ಟೆ ಕ್ಷಣದಲ್ಲಿ ನೆನೆಯಿತು. ಮಡಿಕೆ ತಿರುವಿ ಮತ್ತೆ ಒರೆಸಿದಳು. ಮತ್ತೆ ಜೊಲ್ಲು ಇಳಿಯಿತು. ನಲಿನಿ ಒಳ್ಳೆಯ ಕೈಯಿಂದ ಬಟ್ಟೆಯ ಕೆಂಪು ಅಂಚನ್ನು ಹಿಡಿದು, ಬೆರಳ ನಡುವೆ ತಿಕ್ಕಿ ನೋಡಿದಳು.

“ಇದು ಅಣ್ಣನ ಧೋತರ.”

“ಹೂಂ.”

“ಅಣ್ಣ ಎಲ್ಲಿ?”

“ಆಫೀಸಿಗೆ ಹೋಗ್ಯಾರ.”

“ಊಟ ಮಾಡಿ ಹೋದನೇನು?”

“ಮಾಡ್ಯಾರ.”

ನಲಿನಿ ಬಾಗಿಲ ಕಡೆ ನೋಡಿದಳು. ಪ್ರಿಯಂವದಾ ಅಲ್ಲಿ ನಿಂತಿದ್ದಳು. ಅವಳನ್ನು ಯಾರೆಂದು ತಿಳಿದಳೋ, ದನಿ ತಗ್ಗಿಸಿ ವೈನಿಯ ಕಿವಿಗೆ ಬಾಗಿದಳು. ತಗ್ಗಿಸಿದರೂ ಮಾತು ಕೋಣೆಗೆಲ್ಲ ಕೇಳುತ್ತಿತ್ತು. “ಇವತ್ತ ಏಕಾದಶಿ. ನಿನ್ನ ಬಾಯಿ ಒಣಗ್ಯದ, ನಂಗ ಕಾಣಸ್ತದ. ಅಣ್ಣ ಹಂಡೆ ಹಿಂದ ತಂಬಿಗಿ ಇಟ್ಟು ಹೋಗ್ಯಾನ. ಅವ್ವ ದೇವರ ಮನ್ಯಾಗಿದ್ದಾಳ. ಲಗೂನ ಹೋಗಿ ಕುಡದು ಬಾ ವೈನಿ. ನಾ ಹೇಳಂಗಿಲ್ಲ. ನಾ ಯಾವತ್ತೂ ಹೇಳಿಲ್ಲ.”

ಯಮುನಾಬಾಯಿಯ ಮುಖ ಮುದುಡಿತು. ತುಟಿ ನಡುಗಿತು, ಕಣ್ಣು ಉರಿದು ಕೆಂಪಾಯಿತು, ಭುಜಗಳು ಅಲುಗಿದವು. ನೋಡಿದವರು ಅದನ್ನು ಏನೆಂದು ಕರೆಯುತ್ತಿದ್ದರೋ. ನಲಿನಿ ಮಾತ್ರ ಬಟ್ಟೆಯ ಅಂಚು ತಿಕ್ಕುತ್ತ, ತಾನು ಹೇಳಿದ್ದನ್ನು ಮರೆತು, ಕಿಟಕಿಯಾಚೆ ಕಾಗೆ ಎಣಿಸುತ್ತಿದ್ದಳು.

ಅಡಿಗೆಮನೆಯಲ್ಲಿ ಪ್ರಿಯಂವದಾ ಕೇಳಿದಳು, “ತಂಬಿಗಿ ಅಂದ್ರಲ್ಲ ಅತ್ತಿಯವರು, ಏನ್ರಿ ಅದು?” ಯಮುನಾಬಾಯಿ ನಿಂತೇ ಎಲ್ಲ ಹೇಳಿದಳು. ತಂಬಿಗೆ, ಕೂಸು, ರಬ್ಬರಿನ ಕೈಗವಸು, ಕೇಳದೆ ಹೋದ ಕರೆ. ಪ್ರಿಯಂವದಾ ಒಲೆ ಆರಿಸಿ ಕೊನೆಯವರೆಗೂ ಕೇಳಿದಳು. “ನೀವು ನೀರು ಕೇಳಿದ ದಿನ ನಾನೂ ಅಲ್ಲೇ ಇದ್ದೆ ಮಾಮಿ” ಎಂದಷ್ಟೇ ಅಂದಳು.

ಸಂಜೆ ಅಮೋಲ್ ಸ್ಟೇಷನ್ನಿಗೆ ಬಂದಿದ್ದ. “ಹೇಳಿದೇನವ್ವಾ ಅತ್ಯಾಗ?”

“ಇಲ್ಲ.”

“ಮತ್ತ? ಅಷ್ಟು ದೂರ ಹೋಗಿ?”

“ಜಡಿ ಹಾಕಿ ಬಂದೆ.”

ಅವನು ಅವಳ ಕೈಯಿಂದ ಚೀಲ ತೆಗೆದುಕೊಂಡ. ಜೊಲ್ಲುಬಟ್ಟೆಯನ್ನು ಅವಳು ಅಲ್ಲೇ ಬಿಟ್ಟು ಬಂದಿದ್ದಳು. ಮನೆಯಲ್ಲಿ ಉಳಿದವುಗಳನ್ನೂ ಮಡಿಚಿ, ಯಾರಾದರೂ ಸುಲ್ತಾನ್ ಬಜಾರಿನ ಕಡೆ ಹೋಗುವಾಗ ಕಳಿಸಿಕೊಟ್ಟಳು. ತುಂಗಾಳಿಗೆ ಅವು ಬೇಕಿರಲಿಲ್ಲ. ಮಳೆಗಾಲದಲ್ಲಿ ತುಂಗಾಳಿಗೆ ಕೆಳಗಿನ ಹಲ್ಲು ಮೊಳೆಯಿತು. ಪ್ರಾಜಕ್ತಾ ಪ್ರತಿ ಸಲ ಹಾಲುಣಿಸಿದ ಮೇಲೆ ಹಸಿ ಬಟ್ಟೆಯಿಂದ ಆ ಅಕ್ಕಿಕಾಳನ್ನು ಒರೆಸುತ್ತಿದ್ದಳು. ಯಮುನಾಬಾಯಿ ಚಮಚದಲ್ಲಿ ನೀರು ಹಿಡಿದು ಪಕ್ಕದಲ್ಲಿ ಕುಳಿತಿರುತ್ತಿದ್ದಳು. ಶರಣಬಸಮ್ಮ ಈಗ ಹೊಗಳುವುದನ್ನು ಬಿಟ್ಟು, ಬಂದಾಗಲೆಲ್ಲ “ನೀರು ಕೊಟ್ರೇನ್ರಿ?” ಎಂದು ಕೇಳುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ನಲಿನಿ ಹೋದಳು.

ಹೆಣವನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಹೆಂಗಸರು ಸುತ್ತ ಕುಳಿತು ಅಳುತ್ತಿದ್ದರು. ಯಮುನಾಬಾಯಿ ತಲೆಯ ಹತ್ತಿರ ಹೋಗಿ ಕುಳಿತಳು. ಲಿಂಗಂಪಲ್ಲಿಯಿಂದ ಬರುವ ಅವಸರದಲ್ಲಿ ಬಾಟಲಿ ಮರೆತಿದ್ದಳು. ನಲಿನಿಯ ಹಣೆಯ ಮೇಲೆ ಕೈಯಿಟ್ಟಳು. ಕಣ್ಣು ಸುಟ್ಟುಹೋಗುತ್ತಿತ್ತು. ಬಾಯಿ ತೆರೆದಳು, ನಾಲಿಗೆ ಅಂಗುಳಕ್ಕೆ ಅಂಟಿತ್ತು.

ಹಿಂದಿನಿಂದ ಯಾರೋ ಪಿಸುಗುಟ್ಟಿದರು: “ಇಕಿ ಅಲ್ಲೇನು? ಗಂಡ ಸತ್ತಾಗೂ ಹೀಂಗ ಕೂತಿದ್ಲಂತ. ಹೆಂಥಾ ಗಟ್ಟಿ ಹೆಂಗಸವ್ವಾ.”

ಪ್ರಿಯಂವದಾ ಅತ್ತೆಯ ಕಾಲ ಬಳಿ ಕುಳಿತು ಅಳುತ್ತಿದ್ದವಳು ತಲೆಯೆತ್ತಿದಳು. ಎದ್ದು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಒಂದು ತಂಬಿಗೆ ಇತ್ತು, ಕಂಠದವರೆಗೆ ತುಂಬಿದ್ದು. ಎಲ್ಲರ ನಡುವೆ ದಾರಿ ಮಾಡಿಕೊಂಡು ಬಂದು ಯಮುನಾಬಾಯಿಯ ಎಡಗಡೆ ಇಟ್ಟಳು.

ಒಬ್ಬ ಮುದುಕಿ ಬಾಯಿಗೆ ಸೆರಗಿಟ್ಟುಕೊಂಡಳು. “ಅಯ್ಯ! ಹೆಣಾ ಮನ್ಯಾಗಿರುವಾಗ ನೀರು ಕುಡೀತಾರೇನ?”

“ಅವರಿಗೆ ಬೇಕ್ರಿ” ಎಂದಳು ಪ್ರಿಯಂವದಾ, ಮೂಗು ಒರೆಸಿಕೊಳ್ಳುತ್ತ, ಎಲ್ಲರಿಗೂ ಕೇಳುವ ಹಾಗೆ. “ನಮ್ಮತ್ತಿಯವರ ಮಾತದು. ಕುಡೀರಿ ಮಾಮಿ.”

ಯಮುನಾಬಾಯಿ ಎರಡೂ ಕೈಯಿಂದ ತಂಬಿಗೆ ಎತ್ತಿ ಒಂದು ಗುಟುಕು ಕುಡಿದಳು. ನೀರು ಇಳಿದ ದಾರಿಯಲ್ಲಿ ಗಂಟಲು ಬಿಟ್ಟಿತು. ತಂಬಿಗೆ ಕೆಳಗಿಟ್ಟು, ನಲಿನಿಯ ಮುಖಕ್ಕೆ ಬಾಗಿ, “ನಲಿನೀ” ಎಂದು ಕರೆದಳು. ಗಂಡ ಹೋದ ದಿನ ಬಾರದ ದನಿ ಈಗ ಬಂದಿತ್ತು. ಬಾಗಿಲಾಚೆ ಬಿದಿರು ಕಟ್ಟುತ್ತಿದ್ದ ಗಂಡಸರು ಕೈ ನಿಲ್ಲಿಸಿ ಒಳಗೆ ತಿರುಗಿ ನೋಡಿದರು. ಅವಳು ಇನ್ನೊಂದು ಗುಟುಕು ಕುಡಿದಳು, ಮತ್ತೆ ಕರೆದಳು.